ಷಡ್ಡಕನ ಉದ್ದ ಲೆನ್ಸು

ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕಟ್ಟೆಯ ಮೇಲ್ಗಡೆ, ಒಗ್ಗರಣೆಯ ಹೊಗೆ ನೇರವಾಗಿ ಮುಖಕ್ಕೆ ತಾಗುವಷ್ಟು ಹತ್ತಿರದಲ್ಲಿ ಒಂದು ಮೊಳೆಯಿದೆ. ಆ ಮೊಳೆಗೆ ಕಟ್ಟು ಹಾಕಿಸಿದ ಒಂದು ಫೋಟೊ, ಆ ಫೋಟೊದೊಳಗೆ ನನ್ನ ಹೆಂಡತಿ ಸುವರ್ಣಾ. ಅವಳು ನಗುತ್ತಿದ್ದಾಳೆ. ನಗು ಅಂದರೆ ಬೀಗರ ಮುಂದೆ ತುಟಿಯ ಅಂಚಿನಲ್ಲಿ ಸುಳಿದು ಮರೆಯಾಗುವ ಮರ್ಯಾದೆಯ ನಗುವಲ್ಲ. ತಲೆ ಹಿಂದಕ್ಕೆ ವಾಲಿ, ಸೆರಗು ಜಾರಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ‘ಸಾಕಪ್ಪಾ ಸಾಕು’ ಎಂದು ಗಾಳಿಯನ್ನೇ ತಡೆಯುತ್ತಿರುವ ನಗು. ಬೆನ್ನ ಹಿಂದಿನ ಬಿಳಿಜೋಳದ ಹೊಲ ನೀರಿನಲ್ಲಿ ಕಲಸಿದ ಹಸಿರಿನಂತೆ ಮಸುಕಾಗಿದೆ, ಅವಳ ಕಣ್ಣಂಚಿನ ನೀರಹನಿ ಮಾತ್ರ ಸ್ಪಷ್ಟವಾಗಿ ಹೊಳೆಯುತ್ತಿದೆ. ನಾನು ದಿನಾ ಬೆಳಿಗ್ಗೆ ಚಹಾದ ಬಟ್ಟಲು ಹಿಡಿದು ಅಲ್ಲಿ ನಿಲ್ಲುತ್ತೇನೆ, ಫೋಟೊ ನೋಡುತ್ತೇನೆ, ಚಹಾ ಕಹಿಯಾಗುತ್ತದೆ.

ಯಾಕೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿದೆ: ಹೊಟ್ಟೆಕಿಚ್ಚು. ಆ ಫೋಟೊ ತೆಗೆದವನು ನಾನಲ್ಲ, ನನ್ನ ಷಡ್ಡಕ ಮಲ್ಲಣ್ಣ. ಸುವರ್ಣಾಳ ತಂಗಿ ಸಂಗೀತಾಳ ಗಂಡ. ಅಫಜಲಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವವನು. ನನಗಿಂತ ವಯಸ್ಸಿನಲ್ಲಿ ಸಣ್ಣವನು, ಎತ್ತರದಲ್ಲಿ ದೊಡ್ಡವನು. ಈ ಷಡ್ಡಕ ಎಂಬ ಸಂಬಂಧವನ್ನು ಹುಟ್ಟಿಸಿದವರು ಯಾರೋ ಮಹಾ ಕಿಡಿಗೇಡಿಗಳೇ ಇರಬೇಕು. ಅಣ್ಣತಮ್ಮಂದಿರಾದರೆ ಜಗಳವಾಡಿಯಾದರೂ ಹಗುರಾಗಬಹುದು, ಗೆಳೆಯರಾದರೆ ಮುನಿಸಿಕೊಂಡು ದೂರವಾಗಬಹುದು; ಷಡ್ಡಕರು ಮಾತ್ರ ಒಂದೇ ಮಾವನ ಮನೆಯ ಪಡಸಾಲೆಯಲ್ಲಿ ಪಕ್ಕಪಕ್ಕದಲ್ಲೇ ಕುಳಿತು, ಹೋಳಿಗೆಯ ಮೇಲಿನ ತುಪ್ಪ ಯಾರ ತಾಟಿಗೆ ಮೊದಲು ಬಿತ್ತೆಂದು ಓರೆಗಣ್ಣಿನಲ್ಲಿ ನೋಡುತ್ತ, ಬಾಯಲ್ಲಿ ‘ಅವರಿಗಿ ಹಾಕ್ರಿ, ಅವರಿಗಿ ಹಾಕ್ರಿ’ ಅನ್ನುತ್ತ ಆಯುಷ್ಯ ಕಳೆಯಬೇಕು. ಇಷ್ಟು ವರ್ಷ ಈ ತುಪ್ಪದ ಲೆಕ್ಕದಲ್ಲಿ ನಾನು ಸೋತವನಲ್ಲ. ಹಿರಿಯ ಅಳಿಯ, ಮೇಲಾಗಿ ಜೇವರ್ಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಅತ್ತೆ ನನ್ನನ್ನು ಊರವರಿಗೆ ತೋರಿಸುವಾಗ ಅವರ ದನಿಯೇ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಹೋದ ವರ್ಷದ ಎಳ್ಳಮಾಸಿಗೆ ಮಲ್ಲಣ್ಣ ಹೆಗಲಿಗೆ ಕ್ಯಾಮೆರಾ ತೂಗಿಹಾಕಿಕೊಂಡು ಬರುವ ತನಕ ಹೀಗೇ ಇತ್ತು.

ಎಳ್ಳ ಅಮಾವಾಸ್ಯೆ ನಮ್ಮ ಕಡೆಯವರ ಪಾಲಿಗೆ ಎಂಥ ಹಬ್ಬವೆಂದು ಬೇರೆ ಸೀಮೆಯವರಿಗೆ ತಿಳಿಸುವುದು ಕಷ್ಟ. ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಪೇಟೆಯ ಅಂಗಡಿಗಳು ಬಾಗಿಲು ಹಾಕುತ್ತವೆ, ನೌಕರಿಯವರು ರಜೆ ಬರೆದು ಬಸ್ಸು ಹಿಡಿಯುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹತ್ತಾರು ಬಗೆಯ ಕಾಳು-ಸೊಪ್ಪು ಒಂದೇ ಗಡಿಗೆಯಲ್ಲಿ ಕುದ್ದು ಒಂದಾದ ಭಜ್ಜಿ, ಇಷ್ಟನ್ನೂ ಬುಟ್ಟಿಯಲ್ಲಿ ಹೊತ್ತು ತಂದು, ಬನ್ನಿಗಿಡದ ಬುಡದಲ್ಲಿ ಭೂಮಿತಾಯಿಗೆ ಎಡೆ ಮಾಡಿ, ಆಮೇಲೆ ಚರಗ ಚೆಲ್ಲುತ್ತಾರೆ. ಚರಗ ಅಂದರೆ ಆ ಎಡೆಯನ್ನೇ ಮುರಿದು ಕಲಸಿದ ತುತ್ತು. ಬೆಳೆದು ನಿಂತ ಪೈರಿನ ನಡುವೆ ಒಬ್ಬರು ಜೋರಾಗಿ ಕೂಗು ಹಾಕುತ್ತ, ಅದನ್ನು ಹಿಡಿಹಿಡಿಯಾಗಿ ಗಾಳಿಗೆ ತೂರುತ್ತ ಮುಂದೆ ಹೋಗಬೇಕು, ಹಿಂದಿನಿಂದ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಬರಬೇಕು. ಜಿಡಗಾದ ಪಕ್ಕದ ಹಳ್ಳಿಯಲ್ಲಿರುವ ನಮ್ಮ ಮಾವನಿಗೆ ಇಬ್ಬರೂ ಹೆಣ್ಣುಮಕ್ಕಳು. ಹಾಗಾಗಿ ಮಾವನ ಮೊಣಕಾಲು ಕೈಕೊಟ್ಟಂದಿನಿಂದ ಚರಗದ ಬುಟ್ಟಿ ಹಿರಿಯ ಅಳಿಯನಾದ ನನ್ನ ಪಾಲಿಗೆ ಬಂದಿದೆ. ಹೋದ ವರ್ಷವೂ ಬುಟ್ಟಿ ನನ್ನದೇ, ಆದರೆ ಎಲ್ಲರ ಕಣ್ಣು ಮಲ್ಲಣ್ಣನ ಕೊರಳಲ್ಲಿ ತೂಗುತ್ತಿದ್ದ ಆ ಕಪ್ಪು ಯಂತ್ರದ ಮೇಲೆ. ಮೊಳಕೈಯುದ್ದದ ಲೆನ್ಸು. ಅದನ್ನು ಅವನು ತಿರುಗಿಸಿದಾಗ ಕೊಕ್ಕರೆ ಕೊರಳು ಚಾಚಿದ ಹಾಗೆ ಇನ್ನಷ್ಟು ಉದ್ದವಾಗುತ್ತಿತ್ತು, ಹೆಂಗಸರು ‘ಅಯ್ಯಯ್ಯ’ ಅನ್ನುತ್ತಿದ್ದರು.

ನಾಲ್ಕು ದಿನ ಬಿಟ್ಟು ಫೋಟೊಗಳು ಮನೆಮಂದಿಯ ಮೊಬೈಲುಗಳಿಗೆ ಬಂದವು. ಅತ್ತೆ ಫೋನು ಮಾಡಿ, “ಅಳಿಯಾರ, ನಮ್ಮ ಸುವ್ವಿ ಫೋಟೊ ನೋಡಿದ್ರೇನು? ಮದುವಿ ಆದಮ್ಯಾಲ ನನ್ನ ಮಗಳು ಹಿಂಗ ನಕ್ಕಿದ್ದು ನಾ ನೋಡಿದ್ದಿಲ್ಲ ನೋಡ್ರಿ,” ಅಂದರು. ಅವರು ಅಂದದ್ದು ಅಕ್ಕರೆಯಿಂದ, ನನಗೆ ಚುಚ್ಚಿದ್ದು ಡಬ್ಬಣದಂತೆ. ಮದುವೆಯಾದ ಮೇಲೆ ಕಂಡಿಲ್ಲವಂತೆ! ಹಾಗಾದರೆ ಇಷ್ಟು ಕಾಲ ನನ್ನ ಮನೆಯಲ್ಲಿ ಅವಳೇನು ಅಳುತ್ತ ಕುಳಿತಿದ್ದಳೇ? ಸುವರ್ಣಾ ಮಾತ್ರ ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಅದನ್ನು ತಾನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದು, ನಾನು ಪಡಸಾಲೆಯ ಗೋಡೆ ತೋರಿಸಿದರೂ ಕೇಳದೆ ಅಡುಗೆಮನೆಗೇ ಒಯ್ದು ತೂಗುಹಾಕಿದಳು. ಅಡುಗೆಮನೆಯಲ್ಲೇ ಯಾಕೆಂದು ನಾನು ಕೇಳಲಿಲ್ಲ. ಅಷ್ಟೊಂದು ನಕ್ಕದ್ದು ಯಾಕೆಂದೂ ಕೇಳಲಿಲ್ಲ. ಕೇಳಿದರೆ ಮಲ್ಲಣ್ಣ ಹೇಳಿದ ಯಾವುದೋ ಚಾಷ್ಟಿಯ ಕಥೆ ಹೊರಬಂದೀತು, ಅದಕ್ಕೆ ನಾನೂ ನಗಬೇಕಾದೀತು ಎಂಬ ಭಯ.

ಆಮೇಲೆ ನಾನೊಂದು ದರಿದ್ರ ಕೆಲಸ ಮಾಡಿದೆ. ಮೊಬೈಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ, ಇಷ್ಟು ವರ್ಷಗಳಲ್ಲಿ ನಾನು ತೆಗೆದ ಸುವರ್ಣಾಳ ಫೋಟೊಗಳನ್ನೆಲ್ಲ ನೋಡಿದೆ. ಗೋಳಗುಮ್ಮಟದ ಮುಂದೆ ನಿಂತಿದ್ದಾಳೆ. ರೇಷನ್ ಕಾರ್ಡಿಗೆ ನಿಂತ ಹಾಗೆ. ತಂಗಿಯ ಮದುವೆಯಲ್ಲಿ ಹೊಸ ಇಳಕಲ್ ಸೀರೆ ಉಟ್ಟು ನಿಂತಿದ್ದಾಳೆ; ಆಗಲೂ ರೇಷನ್ ಕಾರ್ಡೇ. ನಾನು ‘ಸ್ವಲ್ಪ ನಗು’ ಅಂದಾಗಲೆಲ್ಲ ಅವಳ ಮುಖದಲ್ಲಿ ಕಾಣಿಸಿಕೊಂಡದ್ದು ನಗುವಲ್ಲ, ನನ್ನ ಮಾತಿಗೆ ಕೊಟ್ಟ ಮರ್ಯಾದೆ. ನಗುವೆಂಬುದು ಅಪ್ಪಣೆ ಕೊಟ್ಟು ತರಿಸುವ ಪದಾರ್ಥವಲ್ಲವೆಂದು ನನಗೇನು ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೂ ಕಿಚ್ಚು ಆರಲಿಲ್ಲ. ನನ್ನ ಹೆಂಡತಿಯ ಅತ್ಯಂತ ಚೆಂದದ ನಗು ಇನ್ನೊಬ್ಬನ ಯಂತ್ರದೊಳಗೆ ಹುಟ್ಟಿತಲ್ಲ, ಅದು ನನ್ನ ಕಣ್ಣಿಗೆ ಬೀಳುವ ಮೊದಲು ಅವನ ಕಣ್ಣಿಗೆ ಬಿತ್ತಲ್ಲ ಎಂಬ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಅಂಥದ್ದೊಂದು ನಗುವನ್ನು ನಾನೂ ಹಿಡಿಯಬೇಕು, ಅದನ್ನು ಆ ಮೊಳೆಗೇ ಹಾಕಬೇಕು, ಮಲ್ಲಣ್ಣನದು ಪೆಟ್ಟಿಗೆ ಸೇರಬೇಕು. ಹೀಗೆ ನಿಶ್ಚಯಿಸಿಕೊಂಡೇ ನಾನು ಕ್ಯಾಮೆರಾ ಕೊಳ್ಳಲು ಹೊರಟದ್ದು.

ಸ್ಟುಡಿಯೋದ ರಫೀಕ್ ಭಾಯಿ ಬಾಯಿಬಡುಕ, ಆದರೆ ಮನಸ್ಸು ಒಳ್ಳೆಯದು. ಕನ್ನಡಿಯಿಲ್ಲದ ಹೊಸ ಮಾದರಿಯ ಕ್ಯಾಮೆರಾ ತರಿಸಿಕೊಂಡಿದ್ದ ಅವನು, ತನ್ನ ಹಳೆಯ ಡಿಎಸ್‌ಎಲ್‌ಆರ್ ಅನ್ನು ಯೋಗ್ಯನಾದ ವರನಿಗೆ ಧಾರೆ ಎರೆಯಲು ಕಾಯುತ್ತಿದ್ದ. ಕ್ಯಾಮೆರಾದ ಮಾತು ಸರಳವಾಗಿ ಮುಗಿಯಿತು. ‘ಲೆನ್ಸು ಯಾವುದು ಕೊಡ್ಲಿ ಸಾರ್?’ ಎಂದು ಅವನು ಕಪಾಟಿನ ಬಾಗಿಲು ತೆರೆದಾಗಲೇ ನಾನು ಕಂಗಾಲಾದದ್ದು. ಪೀನ ಮಸೂರದ ಪಾಠವನ್ನು ವರ್ಷವರ್ಷವೂ ಮಾಡುವವನು ನಾನು. ಸಂಗಮ ದೂರ ಹೆಚ್ಚಿದಷ್ಟೂ ನೋಟದ ಕೋನ ಕಿರಿದಾಗುತ್ತದೆಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸುವವನು. ಹಲಗೆಯ ಮೇಲೆ ಮಸೂರಗಳು ಎಷ್ಟು ವಿಧೇಯವಾಗಿರುತ್ತವೆ! ಕಪಾಟಿನಲ್ಲಿ ಸಾಲಾಗಿ ಕುಳಿತ ಈ ಕಪ್ಪು ಡಬ್ಬಿಗಳು ಮಾತ್ರ ಹೆಣ್ಣು ನೋಡಲು ಬಂದ ಬೀಗರಂತೆ ನನ್ನನ್ನೇ ಅಳೆಯುತ್ತಿದ್ದವು.

“ಇದು ನೋಡ್ರಿ ಸಾರ್, ಹದಿನೆಂಟು-ಐವತ್ತೈದು ಎಂಎಂ,” ಎಂದು ರಫೀಕ್ ಭಾಯಿ ಮೊದಲನೆಯದನ್ನು ಕೈಗಿಟ್ಟ. “ಕ್ಯಾಮೆರಾದ ಜೋಡಿ ಬರೂದು. ಶಾದಿಗೂ ಇದೇ, ಬಸುರಿ ಕುಬುಸಕ್ಕೂ ಇದೇ, ಪಾಸ್‌ಪೋರ್ಟಿಗೂ ಇದೇ. ಬರಾಬರ್ ಐಟಂ.” ಎರಡನೆಯದು ಐವತ್ತು, ಗಿಡ್ಡದು, ಸುಣ್ಣದ ಡಬ್ಬಿಯಷ್ಟೇ. “ಇದರಾಗ ಜೂಮ್ ಇಲ್ಲ ಸಾರ್, ನಿಮ್ಮ ಕಾಲೇ ಜೂಮ್. ಆದ್ರ ಮಾರಿ ತಗದ್ರ ಹಿಂದಿಂದೆಲ್ಲಾ ಮಬ್ಬಾಗಿ ಮಲಾಯಿ ಆಗ್ತದ.” ಮೂರನೆಯದನ್ನು ಎತ್ತುವ ಮೊದಲು ಅವನು ಅಂಗಿಯ ತುದಿಯಿಂದ ಕೈ ಒರೆಸಿಕೊಂಡ. “ಇದು ಎಪ್ಪತ್ತು-ಮುನ್ನೂರು. ಇದು ಶೇರ್ ಸಾರ್, ಶೇರ್! ಭೀಮಾ ನದಿ ಈ ದಂಡಿಗೆ ನಿಂತು, ಆ ದಂಡ್ಯಾಗಿನ ಕೊಕ್ಕರಿ ಕಣ್ಣಾಗ ಕಸ ಬಿದ್ದದೋ ಇಲ್ಲೋ ಹೇಳ್ತದ.”

“ಒಳ್ಳೇದು ಯಾವುದಪಾ ಇದರಾಗ?” ಅಂದೆ.

“ನಿಮ್ಮ ಕೆಲಸಕ್ಕ ಯಾವುದು ಬರ್ತದೋ ಅದೇ ಒಳ್ಳೇದು. ಏನ್ ತಗೀಬೇಕಂತೀರಿ?”

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಹೆಂಡತಿಯ ನಗು ತೆಗೆಯಬೇಕೆಂದು ಜೇವರ್ಗಿಯ ಬಸ್‌ಸ್ಟ್ಯಾಂಡಿನ ಎದುರು ನಿಂತು ಹೇಳಲಾದೀತೇ? ಬಾಯಿಗೆ ಬಂದದ್ದು ಹೇಳಿದೆ: “ಪಕ್ಷಿ.”

ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ. ಆ ವಾರವೆಲ್ಲ ಆ ಮೂರು ಲೆನ್ಸುಗಳು ನನ್ನ ತಲೆಯಲ್ಲಿ ಸಂಸಾರ ಹೂಡಿದವು. ಕ್ಯಾಮೆರಾದ ಜೊತೆಗೇ ಬರುವ ಲೆನ್ಸು ಇದೆಯಲ್ಲ, ಅದು ಎಲ್ಲ ಮದುವೆಗಳಲ್ಲೂ ಸಿಗುವ ಸೋದರಮಾವನಂಥದ್ದು. ಎಲ್ಲಿ ಕೂರಿಸಿದರೂ ಕೂರುತ್ತದೆ, ಏನು ಬಡಿಸಿದರೂ ಉಣ್ಣುತ್ತದೆ, ಮರುದಿನ ಅದು ಬಂದಿತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ. ಐವತ್ತರದು ಹಟಮಾರಿ. ಅದು ಇದ್ದಲ್ಲಿಂದ ಅಲುಗುವುದಿಲ್ಲ, ಬೇಕಾದರೆ ನೀನೇ ಬಾ ಅನ್ನುತ್ತದೆ; ಒಬ್ಬರ ಮುಖ ಬೇಕಾದರೆ ಆ ಮುಖದ ಉಸಿರು ತಾಗುವಷ್ಟು ಸಮೀಪ ಹೋಗಿ ನಿಲ್ಲಬೇಕು, ನೋಡುವವನನ್ನು ಅವರೂ ನೋಡುತ್ತಾರೆ. ಉದ್ದದ್ದಕ್ಕೆ ಆ ದಾಕ್ಷಿಣ್ಯವಿಲ್ಲ. ದೂರದ ಬದುವಿನ ಮೇಲೆ ಕುಳಿತು, ಯಾರಿಗೂ ಗೊತ್ತಾಗದಂತೆ, ಯಾರದೋ ಕಣ್ಣಂಚಿನ ಹನಿಯನ್ನು ಎಗರಿಸಿಕೊಂಡು ಬರುತ್ತದೆ. ಲೆನ್ಸು ಆರಿಸುವುದೆಂದರೆ ಎದುರಿನವರಿಂದ ಎಷ್ಟು ದೂರ ನಿಲ್ಲಬೇಕೆಂದು ಆರಿಸುವುದು. ಇಷ್ಟು ಮಟ್ಟಿಗೆ ನನಗೆ ಅರ್ಥವಾಗಿತ್ತು. ನನ್ನ ಹೆಂಡತಿಯಿಂದ ನಾನೆಷ್ಟು ದೂರ ನಿಲ್ಲಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ.

ಕೊನೆಗೆ ಮಾನ ಬಿಟ್ಟು ಮಲ್ಲಣ್ಣನಿಗೇ ಫೋನು ಮಾಡಿದೆ. ಪೂರ್ತಿ ಬಿಡಲಿಲ್ಲ ಅನ್ನಿ. ನಮ್ಮ ಕಾಲೇಜಿನ ಹುಡುಗನೊಬ್ಬ ಕ್ಯಾಮೆರಾ ತೆಗೆದುಕೊಳ್ಳುತ್ತಿದ್ದಾನೆ, ಅವನಿಗೊಂದು ಲೆನ್ಸು ಹೇಳು ಎಂದೆ.

“ಪಕ್ಷಿ ತಗೀತಾನೋ, ಮಂದಿ ತಗೀತಾನೋ ಅಣ್ಣಾ?”

“ಮಂದಿ. ಮನಿಮಂದಿ.”

“ಹಂಗಾದ್ರ ಐವತ್ತು ತಗೋ ಅನ್ರಿ. ಹತ್ರ ಹೋಗಿ ತಗೀಬೇಕಾಗ್ತದ, ಮಾತಾಡಿಸಬೇಕಾಗ್ತದ. ಫೋಟೊ ಚಲೋ ಬರ್ತಾವ.”

“ಮತ್ತ ನಿನ್ನ ಹಂತೇಲಿ ಉದ್ದಂದು ಅದಲ್ಲ?”

“ನಂದು ಬಿಡ್ರಿ ಅಣ್ಣಾ,” ಎಂದು ಅವನು ನಕ್ಕ. “ನಾ ಅಂಜುಬುರಕ. ಹತ್ರ ಹೋಗಾಕ ನಾಚಿಕಿ ಬರ್ತದ, ದೂರ ನಿಂತು ಕದ್ದು ತಗೀತೇನಿ.”

ನೇರ ಮನಸ್ಸಿನವನು ಈ ಮಾತನ್ನು ನಂಬುತ್ತಿದ್ದ. ಹೊಟ್ಟೆಕಿಚ್ಚಿನವನ ಕಿವಿಯೇ ಬೇರೆ. ತಾನು ಉದ್ದದ್ದು ಇಟ್ಟುಕೊಂಡು ನನಗೆ ಗಿಡ್ಡದ್ದು ಹೇಳುತ್ತಾನಲ್ಲ, ಹುಡುಗನ ಹೆಸರಿನಲ್ಲಿ ಕೇಳುತ್ತಿರುವವನು ನಾನೇ ಎಂದು ವಾಸನೆ ಹಿಡಿದೇ ಹೇಳಿರಬೇಕು, ಹಿರಿಯ ಅಳಿಯ ಸರಿಸಮನಾಗಿ ನಿಂತುಬಿಟ್ಟಾನೆಂಬ ಧಾವತಿ ಅವನಿಗೆ! ಹೀಗೆಲ್ಲ ಎಣಿಸಿ, ಸಂಜೆಯೇ ರಫೀಕ್ ಭಾಯಿಯ ಹತ್ತಿರ ಹೋಗಿ ಉದ್ದದ್ದನ್ನೇ ತಂದೆ. “ಕೊಕ್ಕರಿಗಿ ಸಲಾಂ ಹೇಳ್ರಿ ಸಾರ್,” ಎಂದು ಅವನು ಚೀಲ ಕೈಗಿಟ್ಟ.

ತಂದ ಮರುಬೆಳಿಗ್ಗೆಯೇ ಸುವರ್ಣಾ ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಗುರಿಯಿಟ್ಟೆ. ಏನೂ ಕಾಣಲಿಲ್ಲ, ಅಷ್ಟು ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲವಂತೆ. ಪಡಸಾಲೆಗೆ ಸರಿದೆ, ಪಡಸಾಲೆಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಅಂಗಳಕ್ಕೆ; ಅಲ್ಲಿಂದ ನೋಡಿದರೆ ಅವಳ ಮೂಗುಬೊಟ್ಟು, ಮೂಗು, ಅರ್ಧ ಕೆನ್ನೆ. ತೆಗೆದದ್ದನ್ನು ಹೆಮ್ಮೆಯಿಂದ ತೋರಿಸಿದೆ. “ಮೂಗಷ್ಟೇ ಬಂದದಲ್ರೀ! ಉಳದ ನಾ ಎಲ್ಲಿ ಹೋದೆ?” ಅಂದಳು. ಹಿಟ್ಟಿನ ಕೈಯಿಂದ ಪರದೆ ಮುಟ್ಟಿದ್ದಕ್ಕೆ ನಾನು ರೇಗಿದೆ, ಅವಳು ಹೆಂಚಿನ ಕಡೆ ತಿರುಗಿಕೊಂಡಳು. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ ನನಗೆ ನಮ್ಮ ಮನೆಯೇ ಗಿಡ್ಡವಾಗಿ ಕಂಡಿತು.

ಆಮೇಲೆ ಭಾನುವಾರಗಳಂದು ಭೀಮೆಯ ದಂಡೆಗೆ ಹೋಗಿ ನಿಜವಾಗಿಯೂ ಕೊಕ್ಕರೆಗಳನ್ನೇ ತೆಗೆದೆ, ಹೇಳಿದ ಸುಳ್ಳಿಗೆ ದಂಡ ತೆತ್ತಂತೆ. ನೀರಿನಂಚಿನಲ್ಲಿ ಒಂಟಿಗಾಲಿನಲ್ಲಿ ನಿಂತ ಹಕ್ಕಿ ಕಣ್ಣಿನೊಳಗೆ ಬಂದು ಕುಳಿತಷ್ಟು ಹತ್ತಿರವಾಗುತ್ತಿತ್ತು; ಅದರ ಸುತ್ತಲಿನ ನದಿ, ಮರಳು, ಬಟ್ಟೆ ಒಗೆಯುವ ಹೆಂಗಸರು, ಸೇತುವೆಯ ಮೇಲಿನ ಲಾರಿಗಳು, ಎಲ್ಲವೂ ಇಲ್ಲವಾಗುತ್ತಿದ್ದವು. ಆಗ ನನಗನ್ನಿಸಿತು, ಹೊಟ್ಟೆಕಿಚ್ಚಿನ ಕೆಲಸವೂ ಇದೇ ಅಲ್ಲವೇ ಎಂದು. ಎಲ್ಲೋ ದೂರದಲ್ಲಿ ತನ್ನ ಪಾಡಿಗೆ ಬದುಕಿರುವ ಒಬ್ಬನನ್ನು ನಮ್ಮ ಮೂಗಿನ ತುದಿಗೆ ಎಳೆದು ತರುವುದು, ಅವನ ಕೈಯಲ್ಲಿರುವ ಒಂದು ವಸ್ತುವನ್ನು ಮಾತ್ರ ಸ್ಪಷ್ಟ ಮಾಡಿ ತೋರಿಸುವುದು, ಅವನ ಅಂಗಡಿಯ ತಾಪತ್ರಯ, ಅವನ ಅಂಜಿಕೆ, ಅವನ ನಿದ್ದೆಗೆಟ್ಟ ಮುಖ ಎಲ್ಲವನ್ನೂ ಮಸುಕಿಗೆ ತಳ್ಳುವುದು. ನೋಡಿ, ಎಷ್ಟು ಚೆನ್ನಾಗಿ ತಿಳಿದುಕೊಂಡಿದ್ದೆ! ತಿಳಿದುಕೊಂಡು ಮನೆಗೆ ಬಂದು ಆ ಫೋಟೊ ನೋಡಿದ ಕೂಡಲೇ ಮತ್ತೆ ಹೊಟ್ಟೆಯಲ್ಲಿ ಬೆಂಕಿ. ಜ್ಞಾನದಿಂದ ಆರುವ ಕಿಚ್ಚು ಇದಲ್ಲ.

ಅಂತೂ ಈ ವರ್ಷದ ಎಳ್ಳಮಾಸಿ ಬಂತು. ಕಲಬುರಗಿ ದಾಟಿ, ಕಡಗಂಚಿ ದಾಟಿ, ಆಳಂದದ ದಾರಿಯುದ್ದಕ್ಕೂ ನಾನು ಬೆಳಕನ್ನೇ ನೋಡುತ್ತ ಹೋದೆ. ಸುವರ್ಣಾ ಬಸ್ಸಿನಲ್ಲಿ ತೊಡೆಯ ಮೇಲೆ ಕಡುಬಿನ ಡಬ್ಬಿ ಇಟ್ಟುಕೊಂಡು ಏನೇನೋ ಮಾತಾಡುತ್ತಿದ್ದಳು. ನಾನು ಹೂಂಗುಟ್ಟುತ್ತ ಮಧ್ಯಾಹ್ನ ಬದುವಿನ ಯಾವ ಮಗ್ಗುಲಿಗೆ ನಿಂತರೆ ಅವಳ ಮುಖಕ್ಕೆ ಬಿಸಿಲು ಬೀಳುತ್ತದೆಂದು ಲೆಕ್ಕ ಹಾಕುತ್ತಿದ್ದೆ. ಹೊಲದಲ್ಲಿ ಪೂಜೆಯಾಯಿತು. ಮಾವ ಚರಗದ ಬುಟ್ಟಿ ನನ್ನ ಕಡೆ ಚಾಚಿದರು. ನಾನು ಹಿಂದೆ ಸರಿದೆ.

“ಯಾಕ್ರಿ ಅಳಿಯಾರ, ಈ ಸಲ ಬುಟ್ಟಿ ಹಿಡಿಯೂದಿಲ್ಲೇನು?” ಎಂದು ಅತ್ತೆ ಗಾಬರಿಯಿಂದ ಕೇಳಿದರು.

“ಈ ಸಲ ಮಲ್ಲಣ್ಣ ಚೆಲ್ಲಲಿ ಅತ್ತಿ. ನಾ ಫೋಟೊ ತಗೀತೇನಿ.”

ಮಲ್ಲಣ್ಣ ‘ಬ್ಯಾಡ್ರಿ ಅಣ್ಣಾ, ಅದು ನಿಮ್ಮ ಪಾಲಿಂದು’ ಎಂದು ಸಂಕೋಚಪಟ್ಟ. ನಾನು ಬುಟ್ಟಿಯನ್ನು ಅವನ ಕೈಗೆ ಒತ್ತಿ, ಉದ್ದ ಲೆನ್ಸು ಏರಿಸಿಕೊಂಡು, ಹೊಲದ ಆಚೆ ಮೂಲೆಯ ಜಾಲಿಗಿಡದ ಮರೆಗೆ ಹೋಗಿ ಕುಳಿತೆ. ಮುಂದೆ ಮಲ್ಲಣ್ಣ, ಹಿಂದೆ ತಂಬಿಗೆ ಹಿಡಿದು ಕುಂಟುತ್ತ ಮಾವ, ಕೂಗುತ್ತ ತೂರುತ್ತ ಜೋಳದ ನಡುವೆ ಹೊರಟರು. ಅವನು ಚರಗ ಚೆಲ್ಲುವುದನ್ನು ನೋಡಿ ಅದಕ್ಕೂ ನನಗೆ ಹೊಟ್ಟೆ ಉರಿಯಿತು, ಎಷ್ಟು ಹದವಾಗಿ ಚೆಲ್ಲುತ್ತಿದ್ದ! ಆದರೆ ನನ್ನ ಗುರಿ ಅವನಲ್ಲ. ಬದುವಿನ ಮೇಲೆ ಹೆಂಗಸರ ನಡುವೆ ನಿಂತಿದ್ದ ಸುವರ್ಣಾಳನ್ನು ಕಣ್ಣಿನೊಳಗೆ ತಂದುಕೊಂಡು, ಉಸಿರು ಬಿಗಿಹಿಡಿದು, ಅವಳು ನಗುವುದನ್ನು ಕಾದೆ. ಅವಳು ಆಚೆ ತಿರುಗಿದಳು, ತೆಗೆದೆ. ಈಚೆ ತಿರುಗಿದಳು, ತೆಗೆದೆ. ಚರಗ ಮುಗಿದು, ಎಲ್ಲರೂ ಉಣ್ಣಲು ಕುಳಿತು, ‘ದೊಡ್ಡ ಅಳಿಯಾರು ಎಲ್ಲಿ ಹೋದ್ರು’ ಎಂದು ಯಾರೋ ಕೂಗುವ ತನಕ ತೆಗೆದೆ. ಅವಳು ನಗಲಿಲ್ಲ.

ಊಟವಾದ ಮೇಲೆ ಬನ್ನಿಗಿಡದ ನೆರಳಿನಲ್ಲಿ ಕುಳಿತು ಒಂದೊಂದಾಗಿ ನೋಡಿದೆ. ಒಂದರಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಾವಿಯ ಕಡೆ ನೋಡುತ್ತಿದ್ದಾಳೆ. ಇನ್ನೊಂದರಲ್ಲಿ ತುದಿಗಾಲಿನಲ್ಲಿ ನಿಂತು ಜೋಳದ ತೆನೆಗಳ ಮೇಲಿಂದ ಕಣ್ಣು ಹಾಯಿಸಿದ್ದಾಳೆ. ಮತ್ತೊಂದರಲ್ಲಿ ಗುಡಿಸಿಲಿನತ್ತ, ಮಗದೊಂದರಲ್ಲಿ ಗಾಡಿಗಳತ್ತ. ಇವಳು ಯಾರನ್ನೋ ಹುಡುಕುತ್ತಿದ್ದಾಳೆ! ಹೋದ ವರ್ಷ ಇವಳನ್ನು ನಗಿಸಿದವನು ಯಾರೋ ಇದ್ದಾನೆ, ಅವನು ಈ ಸಲ ಬಂದಿಲ್ಲ. ಮಲ್ಲಣ್ಣನಂತೂ ಕಣ್ಣೆದುರಿಗೇ ಇದ್ದ, ಅಂದರೆ ಅವನಲ್ಲ. ಇಷ್ಟು ದಿನ ಒಬ್ಬನ ಮೇಲಿದ್ದ ಕಿಚ್ಚು ಈಗ ಊರ ತುಂಬ ಹಬ್ಬಿತು. ಸುವರ್ಣಾ ನೀರು ತಂದುಕೊಟ್ಟು ಪಕ್ಕದಲ್ಲಿ ಕುಳಿತಾಗ ತಡೆಯಲಾಗಲಿಲ್ಲ.

“ಯಾರನ್ನ ಹುಡುಕಾಕತ್ತಿದ್ದಿ?”

“ಯಾರನ್ನ ಅಂದ್ರ?”

“ಎಲ್ಲಾ ಫೋಟೊದಾಗೂ ಅತ್ತಾಗ ಇತ್ತಾಗ ನೋಡಾಕತ್ತಿಯಲ್ಲ, ಯಾರನ್ನ?”

ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. “ನಿಮ್ಮನ್ನರೀ! ಮತ್ಯಾರನ್ನ ಹುಡುಕಲಿ? ಚರಗ ಚೆಲ್ಲೂ ಹೊತ್ತಿಗಿ ಬುಟ್ಟಿ ಹಿಡಕೊಂಡು ಮುಂದ ಇರಬೇಕಾದವ್ರು ಮುಂದೂ ಇಲ್ಲ, ಹಿಂದೂ ಇಲ್ಲ. ಜಾಲಿ ಗಿಡದ ಹಿಂದ ಕಳ್ಳರಂಗ ಕುಂತ್ರ ನನಗೇನು ಕನಸ ಬೀಳ್ತದ?”

“ಹಂಗಾದ್ರ ಹೋದ ವರ್ಷ ಅಷ್ಟು ಯಾಕ ನಕ್ಕಿದ್ದಿ?” ವರ್ಷವಿಡೀ ಕೇಳದೆ ಬಿಟ್ಟಿದ್ದ ಪ್ರಶ್ನೆ, ಬೈದ ಹಾಗೆ ಹೊರಗೆ ಬಂತು.

“ಅಯ್ಯ ಶಿವನೇ, ನೆನಪಿಲ್ಲೇನ್ರಿ? ಗಾಳಿಗಿ ಎದರಾಗಿ ಚರಗ ಒಗದು, ಭಜ್ಜಿ ಎಲ್ಲಾ ಮೀಸಿಗಿ ಮೆತ್ತಿಕೊಂಡು, ಏನೂ ಆಗೇ ಇಲ್ಲ ಅನ್ನೂಹಂಗ ದೊಡ್ಡ ಮಾರಿ ಮಾಡಿಕೊಂಡು ಹೊಂಟಿದ್ರಲ್ಲ! ಹುಡುಗರಿಗಿ ಗಾಳಿ ಪಾಠ ಹೇಳೂ ಮಾಸ್ತರ್ರು ಇವ್ರು ಅಂತ ನೆನಸಿದೆ, ನನಗ ತಡಕೊಳ್ಳಾಕೇ ಆಗಲಿಲ್ಲ.” ಹೇಳುತ್ತ ಹೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. “ಅದಕ್ಕ ಆ ಫೋಟೊ ಅಡಗಿಮನ್ಯಾಗ ಹಾಕೇನಿ. ರೊಟ್ಟಿ ಬಡಿಯಾಗ ಬ್ಯಾಸರ ಬಂತಂದ್ರ ಒಂದು ಸಲ ನೋಡ್ತೇನಿ. ಅದರಾಗ ನಾ ಕಾಣೂದಿಲ್ರಿ ನನಗ, ನಿಮ್ಮ ಮೀಸಿ ಕಾಣ್ತದ.”

ಉದ್ದ ಲೆನ್ಸು ದೂರದ್ದನ್ನು ಹತ್ತಿರ ತರುತ್ತದೆ, ಸರಿ. ಆದರೆ ಅದು ಅಂಚಿನಿಂದ ಎಷ್ಟೊಂದನ್ನು ಕತ್ತರಿಸಿ ಎಸೆಯುತ್ತದೆ! ಆ ಫೋಟೊದ ಬಲಗಡೆಯ ಕಟ್ಟಿನಿಂದ ನಾಲ್ಕು ಮಾರು ಆಚೆಗೆ, ಮಸುಕಿನಲ್ಲೂ ಕಾಣದಷ್ಟು ಹೊರಗೆ, ಮೀಸೆಗೆ ಭಜ್ಜಿ ಮೆತ್ತಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ನಾನು ವರ್ಷವಿಡೀ ಕಹಿ ಚಹಾ ಕುಡಿದದ್ದು ಆ ಮನುಷ್ಯನ ಮೇಲಿನ ಹೊಟ್ಟೆಕಿಚ್ಚಿಗೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಖುಷಿಯ ಹಿಂದೆಯೇ, ಇಷ್ಟು ಚೆಂದದ ಸಂಗತಿ ನಡೆಯುವಾಗ ಗಂಭೀರ ಮುಖ ಮಾಡಿಕೊಂಡು ಅವಳ ಕಡೆ ತಿರುಗಿಯೂ ನೋಡದೆ ಹೋದೆನಲ್ಲ, ನೋಡಿದವನು ಮಲ್ಲಣ್ಣನೇ ಆದನಲ್ಲ ಎಂಬ ಸಂಕಟವೂ ಆಯಿತು. ಹಳೆಯ ರೋಗ, ಒಂದೇ ಗುಳಿಗೆಗೆ ಹೋಗುವಂಥದ್ದಲ್ಲ.

ಅಷ್ಟರಲ್ಲಿ ಮಾವ ಕೂಗಿ ಹೇಳಿದರು: “ಅಳಿಯಾರ, ಮ್ಯಾಲಿನ ತೊಗರಿ ಹೊಲಕ್ಕ ಚರಗ ಉಳದದ. ನನ್ನ ಕಾಲು ಇನ್ನ ನಡಿಯೂದಿಲ್ಲ, ನೀವು ಚೆಲ್ಲಿ ಬರ್ರಿ.” ನಾನು ಕ್ಯಾಮೆರಾ ಗಿಡದ ಟೊಂಗೆಗೆ ತೂಗುಹಾಕಿ ಎದ್ದೆ, ಬುಟ್ಟಿ ತೆಗೆದುಕೊಂಡೆ. ಸುವರ್ಣಾ ತಂಬಿಗೆಯಲ್ಲಿ ನೀರು ತುಂಬಿಕೊಂಡು ನನ್ನ ಹಿಂದೆ ಬಂದಳು. ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು, ನಡೆದರೆ ಕಾಯಿಗಳು ಗಿಲಗಿಲ ಅನ್ನುತ್ತಿದ್ದವು. ನಾವು ಹೊರಟದ್ದು ಮೂಡಲಿಗೆ. ಗಾಳಿ ಬೀಸುತ್ತಿದ್ದದ್ದೂ ಮೂಡಲಿಂದಲೇ, ಕಣ್ಣಿಗೆ ಹೊಡೆಯುವಷ್ಟು ಜೋರಾಗಿ. ಈ ಸಲ ನನಗದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಂದು ಹಿಡಿ ತುಂಬಿಕೊಂಡು, ಗಂಟಲು ತೆರೆದು ಕೂಗಿ, ನೇರವಾಗಿ ಎದುರಿಗೆ ತೂರಿದೆ.

ಭಜ್ಜಿಯೂ ಸಜ್ಜೆ ರೊಟ್ಟಿಯ ಚೂರೂ ಹಾರಿ ಬಂದು ಮೀಸೆ, ಹುಬ್ಬು, ಕನ್ನಡಕದ ಎರಡೂ ಗಾಜು, ಎಲ್ಲ ಕಡೆ ಮೆತ್ತಿದವು. ನನಗೆ ತೊಗರಿಯೂ ಕಾಣಲಿಲ್ಲ, ಆಕಾಶವೂ ಕಾಣಲಿಲ್ಲ. “ಅಯ್ಯಯ್ಯಯ್ಯ, ಮತ್ತದೇ ಮಾಡಿದ್ರಲ್ರೀ!” ಎಂದು ಹಿಂದಿನಿಂದ ಒಂದು ಕೂಗು, ತಂಬಿಗೆ ನೆಲಕ್ಕೆ ಬಿದ್ದ ಸದ್ದು, ಆಮೇಲೆ ಆ ನಗು. ಹೋದ ವರ್ಷ ನನ್ನ ಕೂಗಾಟದಲ್ಲಿ ಕೇಳಿಸದೆ ಹೋದದ್ದು, ಈಗ ಮೊದಲ ಸಲ ಕಿವಿಗೆ ಬಿತ್ತು ನನಗೆ. ಒಂದು ವರ್ಷ ಫೋಟೊ ನೋಡಿದ್ದೆನಲ್ಲ, ಅದಕ್ಕೆ ಇಂಥ ದನಿ ಇರುತ್ತದೆಂದು ಗೊತ್ತಿರಲಿಲ್ಲ. ಉಸಿರು ಸಿಕ್ಕದೆ ನಡುನಡುವೆ ಬಿಕ್ಕುತ್ತಿದ್ದಳು, ‘ಶಿವನೇ, ಶಿವನೇ’ ಅನ್ನುತ್ತಿದ್ದಳು, ನನ್ನ ಅಂಗಿಯ ಬೆನ್ನು ಹಿಡಿದು ಜಗ್ಗುತ್ತಿದ್ದಳು. ಆಗಲೇ ಕೆಳಗಿನ ಬದುವಿನ ಕಡೆಯಿಂದ ಒಂದು ಸಣ್ಣ ಸದ್ದು ಕೇಳಿಸಿತು, ಟಪ್, ಟಪ್, ಟಪ್. ಆ ಸದ್ದಿನ ಗುರುತು ನನಗೆ ಚೆನ್ನಾಗಿದೆ. ಮಲ್ಲಣ್ಣ ಊಟ ಮುಗಿಸಿ, ಮತ್ತೆ ತನ್ನ ಉದ್ದ ಲೆನ್ಸು ಏರಿಸಿದ್ದ. ಹಳೆಯ ಕಿಚ್ಚು ಇನ್ನೂ ಆರಿರಲಿಲ್ಲ, ಸುಳ್ಳೇಕೆ ಹೇಳಲಿ. ಕನ್ನಡಕ ಒರೆಸಿಕೊಳ್ಳಲಿಲ್ಲ, ಬುಟ್ಟಿಯೊಳಗೆ ಕೈಹಾಕಿ ಮೊದಲಿಗಿಂತ ದೊಡ್ಡ ಹಿಡಿ ತುಂಬಿಕೊಂಡೆ, ಅದೇ ಗಾಳಿಗೆ ಇನ್ನೊಮ್ಮೆ ಒಗೆದೆ.